ಬಿದ್ದ ಬೈಕಿನ ರಿಪೇರಿ: ಮೆಕ್ಯಾನಿಕ್ ಅವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಮರಳಿನ ಮೇಲೆ ಚಕ್ರ ಜಾರಿ ಬೈಕ್ ಎಡಮಗ್ಗುಲಿಗೆ ಬಿದ್ದು ಕ್ಲಚ್ ಲಿವರ್ ಬಾಗಿದೆ. ಕೈಯಿಂದಲೇ ನೇರ ಮಾಡಿಕೊಳ್ಳಬಹುದೇ?

ಉತ್ತರ: ನಮಸ್ಕಾರ. ಬೇಡ. ಲಿವರ್ ಎರಕದ ಅಲ್ಯೂಮಿನಿಯಂ. ಮರಳಿ ಬಗ್ಗಿಸಿದಾಗ ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು, ಮುಂದೊಂದು ದಿನ ಕೈಯಲ್ಲೇ ಮುರಿಯುತ್ತದೆ. ಹೊಸದನ್ನು ಹಾಕಿಸಿ.

ಪ್ರಶ್ನೆ: ಬಿದ್ದ ಬೈಕನ್ನು ಎತ್ತಿ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕ್.

ಉತ್ತರ: ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಇಂತಹ ಅನೇಕ ಬೈಕುಗಳಲ್ಲಿ, ಗಾಡಿ ಮಗುಚಿದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಆದರೆ ಸೆಲ್ಫ್ ಒತ್ತಿದಾಗ ಎಂಜಿನ್ ಟಕ್ಕೆಂದು ಸಿಕ್ಕಿಹಾಕಿಕೊಂಡರೆ ಮತ್ತೆ ಒತ್ತಬೇಡಿ. ಸಿಲಿಂಡರಿಗೆ ಆಯಿಲ್ ಅಥವಾ ಪೆಟ್ರೋಲ್ ಇಳಿದಿದ್ದರೆ, ದ್ರವವನ್ನು ಒತ್ತಿ ಕುಗ್ಗಿಸಲಾಗದ ಕಾರಣ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ.

 

ಪ್ರಶ್ನೆ: ಸರ್, ಬಿದ್ದಾಗ ಹ್ಯಾಂಡಲ್ ಬಲಕ್ಕೆ ಸೊಟ್ಟಗಾಗಿತ್ತು. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಎಳೆದು ನೇರ ಮಾಡಿದ್ದೇನೆ. ವೇಗ 60 ದಾಟಿದರೆ ಹ್ಯಾಂಡಲ್ ನಡುಗುತ್ತದೆ, ಬ್ರೇಕ್ ಹಿಡಿದಾಗ ಟಕ್ ಎನ್ನುತ್ತದೆ. ಟ್ಯಾಂಕಿನ ಮುಂದೆ, ಚಾಸಿಸ್‌ನ ಕತ್ತಿನ ಕೆಳಗೆ, ಬಣ್ಣದಲ್ಲಿ ಕೂದಲೆಳೆಯಂತಹ ಗೆರೆ ಕಾಣುತ್ತಿದೆ. ನಾಳೆ ದೂರ ಹೋಗಬೇಕಾಗಿದೆ, ತೊಂದರೆಯಿಲ್ಲ ತಾನೆ?

ಉತ್ತರ: ದಯವಿಟ್ಟು ಈ ಬೈಕನ್ನು ನಾಳೆ ಹೊರಗೆ ತೆಗೆಯಬೇಡಿ. ಹ್ಯಾಂಡಲ್ ಸೊಟ್ಟಗಾದದ್ದು ಮಾತ್ರವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಫೋರ್ಕ್‌ಗಳು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳು, ಅವನ್ನು ಬಿಗಿದಿರುವ ಕ್ಲಾಂಪಿನೊಳಗೆ ತಿರುಚಿಕೊಂಡಿದ್ದರೆ, ಕ್ಲಾಂಪ್ ಮತ್ತು ಆಕ್ಸಲ್ ಬೋಲ್ಟುಗಳನ್ನು ಸಡಿಲಿಸಿ, ನೇರ ಕೂರಿಸಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿದರೆ ಸರಿಹೋಗುತ್ತದೆ.

ನಡುಕಕ್ಕೂ ಶಬ್ದಕ್ಕೂ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಕಾರಣವಿರಬಹುದು. ಮುಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಹ್ಯಾಂಡಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಿರುಗಿಸಿ. ನಡುವಿನಲ್ಲಿ ಗುಳಿಗೆ ಬಿದ್ದಂತೆ ಹಿಡಿದು ನಿಂತರೆ, ಬೇರಿಂಗಿನ ಬಾಲುಗಳು ತಾವು ಉರುಳುವ ಬಳೆಯಲ್ಲಿ (ರೇಸ್) ಗುಂಡಿ ಮಾಡಿವೆ ಎಂದರ್ಥ. ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಅದೇ ಟಕ್ ಕೇಳಿಸಿದರೆ ಅದು ಸಡಿಲವಾಗಿದೆ.

ನನ್ನನ್ನು ಚಿಂತೆಗೀಡುಮಾಡಿರುವುದು ಆ ಗೆರೆ. ಕಬ್ಬಿಣ ಬಾಗುವಷ್ಟು ಬಣ್ಣ ಬಾಗಲಾರದು, ಆದ್ದರಿಂದ ಚಾಸಿಸ್ ಮಿಸುಕಿದರೆ ಮೊದಲು ಬಿರಿಯುವುದು ಬಣ್ಣ. ಇದೇ ಜಾಗದಲ್ಲಿ ಗೆರೆಯಿದ್ದ ಒಂದು ಬೈಕ್ ನನ್ನಲ್ಲಿಗೆ ಬಂದಿತ್ತು. ಟ್ಯಾಂಕ್ ಇಳಿಸಿ ಒರೆಸಿ ನೋಡಿದರೆ, ವೆಲ್ಡಿಂಗಿನ ಅಂಚಿಗೆ ಬೆರಳುಗುರು ಸಿಕ್ಕಿಕೊಳ್ಳುವಷ್ಟು ಬಿರುಕಿತ್ತು, ಒಳಗೆ ತುಕ್ಕಿನ ಸಣ್ಣ ಎಳೆಯೂ ಇತ್ತು. ನೀವೂ ಒರೆಸಿ, ಉಗುರು ಆಡಿಸಿ ನೋಡಿ ತಿಳಿಸಿ. ಉಗುರು ಸಿಗದಿದ್ದರೂ ಚಾಸಿಸ್ ಅಳತೆ ಮಾಡಿಸದೆ ಓಡಿಸಬೇಡಿ. ಫೋರ್ಕ್ ಕೊಳವೆಗಳನ್ನು ಬಿಚ್ಚಿ, ಸಣ್ಣ ಓರೆಯನ್ನೂ ಅಳೆಯುವ ಡಯಲ್ ಗೇಜಿನಲ್ಲಿ ನೋಡಿಸಿ. ಅನೇಕ ಕೈಪಿಡಿಗಳು 0.2 ಮಿ.ಮೀ.ಗಿಂತ ಹೆಚ್ಚಿನ ಓರೆಯನ್ನು ಒಪ್ಪುವುದಿಲ್ಲ, ಅಷ್ಟು ಓರೆ ಕಣ್ಣಂದಾಜಿಗೆ ಸಿಗುವುದೂ ಇಲ್ಲ.

ಗುಂಪಿನ ಒಬ್ಬ ಸದಸ್ಯರು: ಫೋರ್ಕ್ ಬಾಗಿದ್ದರೆ ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ನೇರ ಮಾಡಬಹುದು ಎಂಬ ಸಂದೇಶ ನನಗೆ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ಉತ್ತರ: ಯಾರಿಗೂ ಉಪಯೋಗವಿಲ್ಲ, ಅಪಾಯವಿದೆ. ಕೆಂಪಗೆ ಕಾಯಿಸಿದ ಉಕ್ಕು ತನ್ನ ಗಡಸನ್ನು ಕಳೆದುಕೊಳ್ಳುತ್ತದೆ, ಕ್ರೋಮ್ ಲೇಪ ಏಳುತ್ತದೆ, ಆಯಿಲ್ ಸೀಲ್ ನಿಲ್ಲುವುದಿಲ್ಲ. ಅಲಾಯ್ ಚಕ್ರಕ್ಕೂ ಜ್ವಾಲೆ ತೋರಿಸಬೇಡಿ. ಪ್ರಯೋಗ ಮಾಡಿ ನೋಡದ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಅದೇ ಸದಸ್ಯರು: ನನ್ನ ಹಳೆಯ ಬೈಕಿನ ಫೋರ್ಕನ್ನು ಹೀಗೆಯೇ ನೇರ ಮಾಡಿಸಿ ವರ್ಷಗಳಾದವು, ಏನೂ ಆಗಿಲ್ಲ.

ಇನ್ನೊಬ್ಬ ಸದಸ್ಯರು: ನಿಮಗೆ ಏನೂ ಆಗಿಲ್ಲವೆಂದರೆ ಅದು ಸರಿಯಾದ ಕೆಲಸವೆಂದಾಗುವುದಿಲ್ಲ. ಆ ಬೈಕಿನ ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸುತ್ತೀರಾ?

ಅದೇ ಸದಸ್ಯರು: ನನ್ನ ಬೈಕಿನಲ್ಲಿ ಯಾರು ಕೂರಬೇಕೆಂದು ತಾವು ಹೇಳಬೇಕಾಗಿಲ್ಲ. ಹೊಸ ಸಾಮಾನು ಹಾಕಿಸಿ ಎನ್ನುವುದು ಸುಲಭ, ಹಣ ಕೊಡುವವರು ನಾವು.

ಇನ್ನೊಬ್ಬ ಸದಸ್ಯರು: ಹಾಗಾದರೆ ಸಲಹೆಯನ್ನೂ ನಿಮ್ಮಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಬ್ರೇಕ್ ಲಿವರ್ ಬಾಗಿದೆ, ನೇರ ಮಾಡಬಹುದೇ?

ಉತ್ತರ: ಮೊದಲ ಉತ್ತರ ಓದಿ.

ಪ್ರಶ್ನೆ: ಫೋರ್ಕಿನಿಂದ ಸೋರಿದ ಆಯಿಲ್ ಡಿಸ್ಕಿಗೆ ತಾಗಿದೆ. ಒರೆಸಿದರೆ ಸಾಕೇ?

ಉತ್ತರ: ಸಾಲದು. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆಸಿ, ಆಯಿಲ್ ಹೀರಿದ ಪ್ಯಾಡ್ ಬದಲಿಸಿ, ಸೀಲ್ ಹಾಕಿಸಿ.

ಪ್ರಶ್ನೆ: ಹಿತ್ತಾಳೆ ಪಾಲಿಷ್‌ನಿಂದ ಟ್ಯಾಂಕಿನ ಗೀರು ಹೋಗುತ್ತದೆಯಂತೆ, ನಿಜವೇ? ಲಿವರ್ ಬಗ್ಗೆಯೂ ಒಂದು ಮಾತು ಹೇಳಿ.

ಉತ್ತರ: ಲಿವರ್ ಬಗ್ಗೆ ಇನ್ನು ಉತ್ತರಿಸುವುದಿಲ್ಲ. ಚಾಸಿಸ್‌ನಲ್ಲಿ ಗೆರೆ ಕಂಡಿದೆ ಎಂದವರು ಎಲ್ಲಿ? ಉಗುರು ಆಡಿಸಿ ನೋಡಿದಿರಾ?

ಚಾಸಿಸ್ ಪ್ರಶ್ನೆ ಕೇಳಿದವರು: ನೋಡಿದೆ ಸರ್. ಉಗುರು ಸಿಕ್ಕಿಕೊಳ್ಳುತ್ತದೆ.

ಉತ್ತರ: ಹಾಗಾದರೆ ತಳ್ಳಿಕೊಂಡೂ ಹೋಗಬೇಡಿ, ಗಾಡಿಯಲ್ಲಿ ಏರಿಸಿ ಕಳುಹಿಸಿ. ವಿಮೆಯಿದ್ದರೆ ಬಿಚ್ಚಿಸುವ ಮೊದಲೇ ಅವರಿಗೆ ತಿಳಿಸಿ, ಗೆರೆಯ ಫೋಟೋ ಹತ್ತಿರದಿಂದ ತೆಗೆದಿಡಿ. ಬಿದ್ದಾಗ ಹೆಲ್ಮೆಟ್ ನೆಲಕ್ಕೆ ಬಡಿದಿತ್ತೇ?

ಚಾಸಿಸ್ ಪ್ರಶ್ನೆ ಕೇಳಿದವರು: ಬಡಿದಿತ್ತು ಸರ್. ಹೊರಗೆ ಒಂದು ಸಣ್ಣ ಗೀರು ಬಿಟ್ಟರೆ ಏನೂ ಆಗಿಲ್ಲ.

ಉತ್ತರ: ಒಳಗಿನ ಥರ್ಮಾಕೋಲಿನಂತಹ ಪದರ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟನ್ನು ಅದು ತಡೆಯಲಾರದು. ಹೆಲ್ಮೆಟನ್ನೂ ಬದಲಿಸಿ.