ರಾತ್ರಿ ಎಮರ್ಜೆನ್ಸಿಗೆ ಹೋದರೆ ಮೊದಲು ಏನಾಗುತ್ತೆ?

ಪ್ರಶ್ನೆ: ಮನೇಲಿ ವಯಸ್ಸಾದವರಿದ್ದಾರೆ. ಎದೆನೋವು ಅಂತ ಕರ್ಕೊಂಡು ಹೋದರೆ ಅಲ್ಲೂ ಸರದಿ ಕಾಯಬೇಕಾ? ಏನೇನು ಒಯ್ಯಬೇಕು?

ಉತ್ತರ 1: ಮೊದಲು ಬಂದವರಿಗೆ ಮೊದಲು ಅನ್ನೋದು ಅಲ್ಲಿ ನಡೆಯಲ್ಲ. ನರ್ಸ್ ಬಿಪಿ, ನಾಡಿ, ಉಸಿರಾಟ, ಆಕ್ಸಿಜನ್ ನೋಡಿ ಕೆಂಪು (ತೀರಾ ತುರ್ತು), ಹಳದಿ, ಹಸಿರು ಅಂತ ವಿಂಗಡಿಸ್ತಾರೆ. ಎದೆನೋವಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹಾಗಾಗಿ ಬಾಗಿಲಲ್ಲೇ "ಎದೆನೋವು, ಇಷ್ಟು ಗಂಟೆಗೆ ಶುರುವಾಯ್ತು" ಅಂತ ಹೇಳಿ. ಗ್ಯಾಸ್ಟ್ರಿಕ್ ಇರಬಹುದು ಅಂತ ನೀವೇ ತೀರ್ಮಾನ ಮಾಡಬೇಡಿ. ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಹೊರಡಲೂಬೇಡಿ. ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸೋ ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆಯನ್ನ ಕೆಲವು ಗಂಟೆ ಬಿಟ್ಟು ಮತ್ತೆ ಮಾಡ್ತಾರೆ, ಯಾಕಂದ್ರೆ ನೋವು ಶುರುವಾದ ಕೂಡಲೇ ಅದು ಏರಿರಲ್ಲ. ಈ ಕಾಯುವಿಕೆಯೂ ಚಿಕಿತ್ಸೆಯ ಭಾಗವೇ.

ಉತ್ತರ 2: ಮಾತ್ರೆಗಳ ಶೀಟನ್ನೇ ಒಯ್ಯಿರಿ. "ಬೆಳಿಗ್ಗೆ ತಗೊಳ್ಳೋ ಸಣ್ಣ ಬಿಳಿ ಮಾತ್ರೆ" ಅಂದ್ರೆ ಯಾವುದು ಅಂತ ತಿಳ್ಕೊಳ್ಳೋದು? ಹಳೇ ಇಸಿಜಿ ಇದ್ದರೆ ಅದು ಬಲು ಉಪಯೋಗ, ಹೋಲಿಸಿ ನೋಡಬಹುದು. ರಕ್ತ ತೆಳುವಾಗಿಸೋ ಮಾತ್ರೆ, ಅಲರ್ಜಿ ಇದ್ದರೆ ಕೇಳೋಕೆ ಮುಂಚೆಯೇ ಹೇಳಿ. ಡಾಕ್ಟರ್ ನೋಡೋವರೆಗೂ ಊಟ, ಕಾಫಿ ಕೊಡಬೇಡಿ.

ಉತ್ತರ 3: ಅಪಘಾತ, ವಿಷ, ಸುಟ್ಟಗಾಯ ಆದರೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಪ್ರಕರಣ ಅನ್ನೋ ಆಸ್ಪತ್ರೆ ದಾಖಲೆ) ಬರೆದು ಪೊಲೀಸರಿಗೆ ತಿಳಿಸ್ತಾರೆ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯೋ ಹಾಗಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಎದೆನೋವಿಗೆ ಬೈಕ್ ಹಿಂದೆ ಕೂರಿಸಿಕೊಂಡು ಹೊರಡಬೇಡಿ, 108ಕ್ಕೆ ಫೋನ್ ಮಾಡಿ.