ಸಹಾಯ ಬೇಕು: ಗ್ಲೂಕೋಸ್ ಪತ್ತೆಯ ಕಾಗದದ ಪಟ್ಟಿಯಲ್ಲಿ ಬಣ್ಣ ಅಂಚಿಗೆ ಸರಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ವಾಟ್ಮನ್ ನಂ. 1 ಫಿಲ್ಟರ್ ಕಾಗದದ ಮೇಲೆ ಮೇಣದಿಂದ ಕಾಲುವೆಗಳನ್ನು ಮುದ್ರಿಸಿ, ಮೇಣ ಕರಗಿ ಹಿಂಬದಿಯವರೆಗೂ ಇಳಿಯುವಂತೆ ಬಿಸಿ ಮಾಡಿ, ಗ್ಲೂಕೋಸ್ ಪತ್ತೆಹಚ್ಚುವ ಪಟ್ಟಿಗಳನ್ನು ತಯಾರಿಸುತ್ತಿದ್ದೇನೆ. ಪರೀಕ್ಷಾ ವಲಯದಲ್ಲಿ ಗ್ಲೂಕೋಸ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಕಿಣ್ವಗಳನ್ನೂ ಪೊಟ್ಯಾಸಿಯಂ ಅಯೋಡೈಡನ್ನೂ ಹಾಕಿ ಒಣಗಿಸಿದ್ದೇನೆ. ಗ್ಲೂಕೋಸ್‌ನ ಉತ್ಕರ್ಷಣದಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಅಯೋಡೈಡನ್ನು ಅಯೋಡಿನ್ ಆಗಿಸಿ ಕಂದು ಬಣ್ಣ ತರುವ ಕ್ರಿಯೆಯೇನೋ ಸರಿಯಾಗಿಯೇ ನಡೆಯುತ್ತಿದೆ. ಆದರೆ ಆ ಬಣ್ಣ ಸಮನಾಗಿ ಹರಡದೆ, ದ್ರವದೊಂದಿಗೆ ಕೊಚ್ಚಿಹೋಗಿ ಮೇಣದ ಗೋಡೆಯ ಬಳಿ ಗಾಢ ಉಂಗುರವಾಗಿ ನಿಲ್ಲುತ್ತದೆ, ನಡುಭಾಗ ಬಿಳಿಚಿಕೊಳ್ಳುತ್ತದೆ. ಹೀಗಾದರೆ ಸ್ಕ್ಯಾನರ್‌ನಲ್ಲಿ ತೀವ್ರತೆ ಅಳೆದು ಪ್ರಯೋಜನವೇ ಇಲ್ಲ. ಕಿಣ್ವಗಳ ಸ್ಥಿರತೆಗೆಂದು ಬೆರೆಸಿದ ಟ್ರೆಹಲೋಸ್ ಎಂಬ ಸಕ್ಕರೆಯಿಂದಲೂ ಉಂಗುರ ತಪ್ಪಲಿಲ್ಲ. ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಪಾಲಿಮರ್) ಲೇಪಿಸಿ ಕಿಣ್ವಗಳನ್ನು ಕಾಗದದ ನಾರಿಗೆ ಹಿಡಿಸಿ ನೋಡಿದವರಿದ್ದರೆ, ಅದನ್ನು ಅಯೋಡೈಡ್‌ಗಿಂತ ಮೊದಲು ಹಾಕಬೇಕೇ, ಅದರಿಂದ ಹರಿವು ನಿಧಾನವಾಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.