ರೈಟರ್ ಮಗ ಬಂದು ನಿಂತರೆ ಬೇಡ ಅನ್ನುವವರು ಯಾರು?

ಮಗಳೇ, ನೀನು ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕನ್ನಡಕ ಸಿಕ್ಕಿರಲಿಲ್ಲ. ಪುಟ್ಟಿಗೆ ಸ್ಕೂಲಿನಲ್ಲಿ 20 ಕೂಪನ್ ಇರುವ ಪುಸ್ತಕ ಕೊಟ್ಟಿದ್ದಾರೆ, ಒಂದಕ್ಕೆ 50 ರೂಪಾಯಿ, ಜಾಸ್ತಿ ಮಾರಿದವರಿಗೆ ಸೈಕಲ್ ಅಂತೆ. ಮೂರು ದಿನದಿಂದ ಸೈಕಲ್ ಸೈಕಲ್ ಅಂತ ಊಟ ಬಿಟ್ಟಿದ್ದಾಳೆ, ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಕರೆದುಕೊಂಡು ಹೋಗು ಅಂತ ಹಟ ಮಾಡುತ್ತಾಳೆ, ಏನು ಮಾಡಲಿ ಅಂತ ತಾನೇ ನೀನು ಕೇಳಿದ್ದು? ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲರೂ ಗುಡ್ ಮಾರ್ನಿಂಗ್ ಹೂವು ಹಾಕಿ ಹೋಗಿದ್ದಾರೆ.

ಲೈನ್ ಮನೆಗಳಿಗೆ ಮಾತ್ರ ಕಳಿಸಬೇಡ. ನೀನು ಜೊತೆಗೆ ಹೋದರೂ ಬೇಡ.

ನಮ್ಮ ದೊಡ್ಡವನ ವಾಚಿನ ಕಥೆ ನಿಮಗೆಲ್ಲ ಅರ್ಧ ಗೊತ್ತು. ಪೂರ್ತಿ ನಾನು ಯಾರಿಗೂ ಹೇಳಿಲ್ಲ. 1984ನೇ ಇಸವಿ, ಅವನು ಏಳನೇ ಕ್ಲಾಸು. ಸ್ಕೂಲಿಗೆ ಹಾಲ್ ಕಟ್ಟಬೇಕು ಅಂತ 2 ರೂಪಾಯಿ ಟಿಕೆಟ್ ಮಾಡಿದರು. ಜಾಸ್ತಿ ಮಾರಿದವನಿಗೆ ಎಚ್‌ಎಂಟಿ ವಾಚು. ಆಗ ನಿಮ್ಮ ದೊಡ್ಡಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಕೂಲಿ ಲೆಕ್ಕ ಬರೆಯುವವರು. ಯಾವ ತೋಟ ಅಂತ ಹೇಳುವುದು ಬೇಡ, ನಿಮಗೆ ಗೊತ್ತೇ ಇದೆ. ರೋಬಸ್ಟಾ ಕುಯ್ಲಿನ ಸಮಯ, ಲೈನ್ ತುಂಬ ಜನ. ಶನಿವಾರ ಕೂಲಿ ಬಟವಾಡೆ. ಇವರು ಮೇಜಿನ ಹಿಂದೆ ಕೂತು ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ನೋಡಿ ಹೆಸರು ಕೂಗುತ್ತಿದ್ದರೆ, ಇವನು ಮೇಜಿನ ಪಕ್ಕದಲ್ಲೇ ಟಿಕೆಟ್ ಪುಸ್ತಕ ಹಿಡಿದು ನಿಂತ. ಒಂದೇ ಸಂಜೆಗೆ ಮೂರು ಪುಸ್ತಕ ಖಾಲಿ, 60 ಟಿಕೆಟ್! ನನಗೆ ಎಷ್ಟು ಹೆಮ್ಮೆ ಅಂದರೆ ಅವತ್ತು ರಾತ್ರಿ ಕೋಳಿ ಸಾರು, ಕಡಂಬುಟ್ಟು ಮಾಡಿದೆ. ನಾಚಿಕೆಗೇಡು, ಈಗ ನೆನೆಸಿಕೊಂಡರೆ.

ಸೋಮವಾರ ಲೈನಿನ ಒಬ್ಬಳು ಹೆಂಗಸು ಅಡುಗೆಮನೆ ಬಾಗಿಲಿಗೆ ಬಂದಳು. ಕಂಕುಳಲ್ಲಿ ಜ್ವರ ಬಂದ ಮಗು. ಬೈಯಲಿಲ್ಲ, ಜಗಳ ಆಡಲಿಲ್ಲ. ಸೀರೆ ತುದಿಯಿಂದ ಎರಡು ಟಿಕೆಟ್ ಬಿಚ್ಚಿ ತೆಗೆದು, "ಅಮ್ಮಾ, ಪ್ರತಿ ವಾರ ಇದನ್ನೂ ಹಿಡಿಯುತ್ತಾರಾ?" ಅಂತ ಕೇಳಿದಳು. ಸಂಬಳದಲ್ಲಿ ಹಿಡಿಯುವ ದುಡ್ಡು ಅಂತ ತಿಳಿದುಕೊಂಡಿದ್ದಳು! ವಾಚು, ಸ್ಕೂಲಿನ ಹಾಲ್ ಒಂದೂ ಅವಳಿಗೆ ಗೊತ್ತಿಲ್ಲ. ರೈಟರ್ ಮಗ ಚೀಟಿ ಚಾಚಿದ, ತೆಗೆದುಕೊಂಡಳು, ಅಷ್ಟೇ.

ನಿಮ್ಮ ದೊಡ್ಡಪ್ಪ ಎರಡು ಸಂಜೆ ಟಾರ್ಚ್ ಹಿಡಿದು ಲೈನ್ ಸುತ್ತಿ ದುಡ್ಡು ವಾಪಸ್ ಕೊಟ್ಟರು. ನಾಲ್ಕೈದು ಜನ ಇರಲಿ ಬಿಡಿ ಅಂದರು. ಮಿಕ್ಕವರೆಲ್ಲ ತಕ್ಷಣ ತೆಗೆದುಕೊಂಡರು. ಆಗ ಲೆಕ್ಕ ಹಾಕಿ, ನಿಜವಾಗಿ ಕೊಡಬೇಕು ಅನಿಸಿ ಕೊಟ್ಟವರು ಎಷ್ಟು ಜನ!

ವಾಚು ಕೊನೆಗೆ ಒಬ್ಬ ಕಂಟ್ರಾಕ್ಟರ್ ಮಗನಿಗೆ ಹೋಯಿತು. ಅವನ ಅಪ್ಪ ಒಂದೇ ಸಲಕ್ಕೆ ನಾಲ್ಕು ಪುಸ್ತಕ ಕೊಂಡಿದ್ದರಂತೆ. ಹುಡುಗ ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ. ಆಮೇಲೆ ಡಿಸೆಂಬರ್ 7ಕ್ಕೆ ಧ್ವಜ ದಿನ ಬಂತು. 1949ರಿಂದ ನಡೆದುಕೊಂಡು ಬಂದದ್ದು, ಮಿಲಿಟರಿಯವರ ಮನೆಯವರಿಗೆ ಅಂತ ಬಾವುಟ ಕೊಟ್ಟು ದುಡ್ಡು ಎತ್ತುವುದು. ಹಿಂದಿನ ವರ್ಷ ತಾನೇ ಬಾವುಟದ ಡಬ್ಬ ಕೇಳಿ ತಂದಿದ್ದ ನಮ್ಮ ಹುಡುಗ, ಈ ಸಲ ಮೇಷ್ಟರನ್ನೇ ಕೇಳಿದನಂತೆ, "ಇದಕ್ಕೆ ಏನು ಕೊಡುತ್ತೀರಿ ಸಾರ್?" ಅಂತ. ಮೂರು ಜನ ಮಿಲಿಟರಿಗೆ ಹೋದ ಮನೆ ನಮ್ಮದು!

ಇದನ್ನು ಮೊನ್ನೆ ಮೈಸೂರಿನ ಮೊಮ್ಮಗಳಿಗೆ ಹೇಳಿದೆ. ಅಜ್ಜಿ, ಇದರ ಮೇಲೆ ದೊಡ್ಡ ಪರೀಕ್ಷೆಯೇ ಮಾಡಿದ್ದಾರೆ ಅಂದಳು. ಇಸ್ರೇಲಿನಲ್ಲಂತೆ. 180 ಹೈಸ್ಕೂಲ್ ಮಕ್ಕಳನ್ನು ಜೋಡಿ ಜೋಡಿಯಾಗಿ ಮನೆಮನೆಗೆ ದೇಣಿಗೆ ಎತ್ತಲು ಕಳಿಸಿದರು. ಕೆಲವರಿಗೆ ಇದು ಒಳ್ಳೆ ಕೆಲಸ ಅಂತ ಮಾತ್ರ ಹೇಳಿದರು. ಕೆಲವರಿಗೆ ಎತ್ತಿದ್ದರಲ್ಲಿ ನೂರಕ್ಕೆ ಒಂದು, ಕೆಲವರಿಗೆ ನೂರಕ್ಕೆ ಹತ್ತು ಕೊಡುತ್ತೇವೆ ಅಂದರು, ಅದೂ ದೇಣಿಗೆ ಮುಟ್ಟದೆ ಬೇರೆ ದುಡ್ಡಿನಲ್ಲಿ. ಏನೂ ಇಲ್ಲದವರೇ ಎಲ್ಲರಿಗಿಂತ ಜಾಸ್ತಿ ತಂದರು. ಒಂದು ಸಿಗುವವರು ಎಲ್ಲರಿಗಿಂತ ಕಡಿಮೆ. ಹತ್ತು ಸಿಗುವವರೂ ಬರಿಗೈಯವರನ್ನು ಹಿಂದೆ ಹಾಕಲಿಲ್ಲ. 2000ದಲ್ಲಿ ಅಚ್ಚಾಗಿದೆಯಂತೆ. ಯಾಕೆ ಹಾಗೆ ಅಂತ ಅವಳು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ನನಗೆ ನಮ್ಮವನ "ಏನು ಕೊಡುತ್ತೀರಿ ಸಾರ್" ಸಾಕು.

ಹುತ್ತರಿ ಹಬ್ಬಕ್ಕೆ ದುಡಿ ಬಾರಿಸಿಕೊಂಡು ಮನೆಮನೆಗೆ ಹಾಡಿಕೊಂಡು ಬರುವುದಿಲ್ವಾ? ಅವರಿಗೆ ಯಾರು ಸೈಕಲ್ ಇಟ್ಟಿದ್ದಾರೆ? 2018ರಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಇದೇ ಪುಟ್ಟಿಯ ಅಕ್ಕ ತನ್ನ ಸ್ವೆಟರನ್ನೇ ಕೊಟ್ಟು ಬಂದಿದ್ದಳಲ್ಲ, ಯಾರೂ ಕೇಳದೆ.

ಕೊಡುವುದು ಅಂದ ಕೂಡಲೇ ನೆನಪಾಯಿತು. ನಮ್ಮವನು ಟಿಕೆಟ್ ಮಾರಿದ ವರ್ಷ ಕರಿಮೆಣಸಿಗೆ ಒಳ್ಳೆ ರೇಟ್ ಬಂದಿತ್ತು. ನಮ್ಮ ದೊಡ್ಡ ಭಾವ ಹೊಸ ಜೀಪ್ ತೆಗೆದಿದ್ದರು. ಹುಡುಗ ಮೊದಲು ಹೋಗಿದ್ದೇ ಅವರ ಮನೆಗೆ. ಕಾಫಿ ಕೊಟ್ಟರು, ಒಂದು ಟಿಕೆಟ್ ಕೊಳ್ಳಲಿಲ್ಲ. "ನಿನ್ನಪ್ಪ ಬಟವಾಡೆ ಮಾಡುತ್ತಾನಲ್ಲ, ಅಲ್ಲಿ ಮಾರು" ಅಂದರಂತೆ. ಆ ಬುದ್ಧಿ ಕೊಟ್ಟವರೇ ಅವರು! ಹಾಲ್ ಕಟ್ಟಿದ ಮೇಲೆ ಕಲ್ಲಿನಲ್ಲಿ ಅವರ ಹೆಸರಿದೆ. ಹೇಗೆ ಬಂತೋ ದೇವರಿಗೇ ಗೊತ್ತು. ಟಾರ್ಚ್ ಹಿಡಿದು ತಿರುಗಿದವರ ಹೆಸರು ಎಲ್ಲೂ ಇಲ್ಲ. ಸತ್ತವರ ಬಗ್ಗೆ ಮಾತಾಡಬಾರದು, ಬಿಡಿ.

ಮತ್ತೆ ಹೇಳುತ್ತೇನೆ ಮಗಳೇ, ಲೈನಿಗೆ ಕಳಿಸಬೇಡ. ನಿಮ್ಮ ಕೈಕೆಳಗೆ ದುಡಿಯುವವರ ಹತ್ತಿರ ಮಗು ಕೈ ಚಾಚಬಾರದು. ಅದೂ ಅಲ್ಲದೆ ನಿಮ್ಮ ಅಮ್ಮತ್ತಿ ಕಡೆ ಸಂಜೆಯಾದರೆ ಆನೆ ಬೇರೆ.

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ ಅಲ್ವಾ. ಪುಸ್ತಕದ ಹಿಂದೆ ಓದಿ ನೋಡು, ಉಳಿದ ಕೂಪನ್ ವಾಪಸ್ ಕೊಡುವ ತಾರೀಖು ಇರಬಹುದು. ಇಲ್ಲದಿದ್ದರೆ ಡೈರಿಯಲ್ಲಿ ಬರೆದು ಕೇಳು. ಮಾರದೆ ಉಳಿದದ್ದಕ್ಕೆ ನೀನು ದುಡ್ಡು ತುಂಬಬೇಡ. ಮಾರಿದ್ದಕ್ಕೆ ಕೌಂಟರ್‌ಫಾಯಿಲಿನಲ್ಲಿ ಹೆಸರು ಬರೆಸು. ಪುಟ್ಟಿ ಮನೆಯವರಿಗೆ ಮಾತ್ರ ಕೊಡಲಿ, ದುಡ್ಡು ಯಾಕೆ ಬೇಕು ಅಂತ ಅವಳ ಬಾಯಲ್ಲೇ ಹೇಳಲಿ. ಮೀಟಿಂಗಿನಲ್ಲಿ ಟೀಚರ್‌ಗೆ ಮೆಲ್ಲಗೆ ಹೇಳು, ಒಬ್ಬರಿಗೆ ಸೈಕಲ್ ಕೊಡುವ ಬದಲು ಇಡೀ ಕ್ಲಾಸನ್ನು ದುಬಾರೆ ಆನೆ ಕ್ಯಾಂಪಿಗೆ ಕರೆದುಕೊಂಡು ಹೋಗಿ ಅಂತ.

ನನ್ನ ಹೆಸರಿಗೆ ಎರಡು ಕೂಪನ್ ಬರಿ. ದೊಡ್ಡ ಭಾವನ ಮಗ ಈ ಗ್ರೂಪಲ್ಲೇ ಇದ್ದಾನೆ, ನೋಡಿಯೂ ನೋಡದ ಹಾಗೆ ಇರುತ್ತಾನೆ. ಅವನಿಗೂ ಒಂದು ಬರಿ.